ಹನುಮ ಮರೆತ ಬಲ: ಸೂಪರ್‌ಹೀರೋ ಕಾರ್ಟೂನು ಯಾರಿಗಾಗಿ?

ಅತಿಮಾನುಷ ಬಲವುಳ್ಳ ನಾಯಕರ ಕಾರ್ಟೂನು ಸರಣಿಗಳು ಮಕ್ಕಳಿಗೆ ಮಾತ್ರ ಸಲ್ಲುತ್ತವೆಯೇ, ದೊಡ್ಡವರೂ ಮನಸ್ಸಿಟ್ಟು ನೋಡುವಂಥದ್ದು ಅವುಗಳಲ್ಲಿ ಏನಾದರೂ ಇದೆಯೇ ಎಂಬ ಪ್ರಶ್ನೆ ಟಿ.ವಿ. ಮನೆಮನೆಗೆ ಬಂದ ಮೇಲೆ ಹುಟ್ಟಿದ್ದೆಂದು ಮೇಲ್ನೋಟಕ್ಕೆ ಅನಿಸಬಹುದು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಲೆನಾಡಿನ ಅಂಚಿನಿಂದ ಬಯಲುಸೀಮೆಯವರೆಗೆ ಹರಡಿಕೊಂಡಿರುವ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಯೋಚಿಸಿದರೆ, ಈ ಪ್ರಶ್ನೆ ತುಂಬ ಹಳೆಯದೆಂದೂ, ಅದಕ್ಕೆ ಕಲ್ಲಿನಲ್ಲೊಂದು, ಕಾವ್ಯದಲ್ಲೊಂದು, ಕುಣಿತದಲ್ಲೊಂದು ಉತ್ತರವನ್ನು ಈ ಸೀಮೆ ಎಂದೋ ಕೊಟ್ಟಿದೆಯೆಂದೂ ತಿಳಿಯುತ್ತದೆ. ವೀರಕಥೆಯೊಂದು ಯಾವ ವಯಸ್ಸಿನವರನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ನಾಯಕನ ಬಲವನ್ನಾಗಲಿ, ಕಥೆ ಚಿತ್ರರೂಪದಲ್ಲಿದೆ ಎಂಬುದನ್ನಾಗಲಿ ಅವಲಂಬಿಸಿಲ್ಲ; ಎಷ್ಟೇ ಬಲವಿದ್ದರೂ ಬಗೆಹರಿಯದ ಒಂದು ಸಂಕಟವನ್ನು ಆ ಕಥೆ ತನ್ನೊಳಗೆ ಇಟ್ಟುಕೊಂಡಿದೆಯೇ ಎಂಬುದನ್ನು ಅವಲಂಬಿಸಿದೆ. ಆ ಮೂರು ಉತ್ತರಗಳ ಸಾರ ಇಷ್ಟು.

ಮಕ್ಕಳ ಪಾಲಿಗೆ ಬಂದ ಬಗೆ

‘ಸೂಪರ್‌ಹೀರೋ’ ಎಂಬ ಮಾತು 1938ರಲ್ಲಿ ಅಮೆರಿಕದ ಚಿತ್ರಕಥಾ ಪುಸ್ತಕವೊಂದರಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್‌ನ ನಂತರ ಜನಪ್ರಿಯವಾಯಿತು. ಮನುಷ್ಯರನ್ನು ಮೀರಿದ ಶಕ್ತಿ, ಆ ಶಕ್ತಿಯನ್ನು ಪರರ ರಕ್ಷಣೆಗೆ ಮುಡಿಪಿಡುವ ಸಂಕಲ್ಪ, ನೋಡಿದೊಡನೆ ಗುರುತು ಹತ್ತುವ ವೇಷ, ಈ ಮೂರು ಕೂಡಿದ ಪಾತ್ರಕ್ಕೆ ಆ ಹೆಸರು ಸಲ್ಲುತ್ತದೆ. ಕಾರ್ಟೂನು ಅಥವಾ ಅನಿಮೇಷನ್ ಎಂದರೆ ಒಂದರಿಂದೊಂದು ಅತಿ ಸ್ವಲ್ಪವೇ ಬದಲಾಗುವ ಚಿತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24ರ ವೇಗದಲ್ಲಿ ಒಂದರ ಹಿಂದೊಂದು ತೋರಿಸಿ, ಕಣ್ಣಿಗೆ ಚಲನೆಯ ಭ್ರಮೆ ಹುಟ್ಟಿಸುವ ವಿಧಾನ. ಈ ಎರಡು ವಿವರಣೆಗಳಲ್ಲಿ ಎಲ್ಲಿಯೂ ಮಕ್ಕಳೆಂಬ ಮಾತು ಬರುವುದಿಲ್ಲ. ಹಾಗಿದ್ದರೂ ಕಾರ್ಟೂನು ಎಂದೊಡನೆ ಮಕ್ಕಳೇ ನೆನಪಿಗೆ ಬರುವುದಕ್ಕೆ ಕಲೆಯ ಸ್ವಭಾವಕ್ಕಿಂತ ವ್ಯಾಪಾರದ ಚರಿತ್ರೆ ಹೆಚ್ಚಿನ ಕಾರಣವಾಗಿದೆ.

1941ರಿಂದ 1943ರ ನಡುವೆ ಫ್ಲೈಷರ್ ಸೋದರರ ಸ್ಟುಡಿಯೋದಲ್ಲಿ ಆರಂಭವಾಗಿ ಬಂದ ಸೂಪರ್‌ಮ್ಯಾನ್‌ನ 17 ಕಿರು ಕಾರ್ಟೂನುಗಳು ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೆರೆಕಾಣುತ್ತಿದ್ದುದರಿಂದ, ಟಿಕೆಟ್ ಕೊಂಡು ಬಂದ ಎಲ್ಲ ವಯಸ್ಸಿನವರೂ ಅವನ್ನು ಒಟ್ಟಿಗೆ ನೋಡುತ್ತಿದ್ದರು. ಟಿ.ವಿ. ಬಂದ ಮೇಲೆ ಖರ್ಚು ತಗ್ಗಿಸಲು ಚಿತ್ರಗಳ ಸಂಖ್ಯೆಯನ್ನು ಕಡಿತಗೊಳಿಸಿ, ದೇಹವನ್ನು ಅಲುಗಾಡಿಸದೆ ಬಾಯಿ ಮತ್ತು ಕೈಯನ್ನಷ್ಟೇ ಚಲಿಸುವಂತೆ ಮಾಡುವ ಅಗ್ಗದ ವಿಧಾನ ಬಳಕೆಗೆ ಬಂತು. ಅಮೆರಿಕದ ವಾಹಿನಿಗಳು ಶನಿವಾರದ ಬೆಳಗನ್ನು ಕಾರ್ಟೂನುಗಳಿಗೆ ಮೀಸಲಿಟ್ಟು, ನಡುನಡುವೆ ಆಟಿಕೆ ಮತ್ತು ತಿಂಡಿಗಳ ಜಾಹೀರಾತನ್ನು ತುಂಬಿದವು. 1983ರ ‘ಹೀ-ಮ್ಯಾನ್’ ಸರಣಿ ಆಗಲೇ ಅಂಗಡಿಯಲ್ಲಿದ್ದ ಗೊಂಬೆಗಳ ಸುತ್ತಲೇ ಹೆಣೆದ ಕಥೆಯಾಗಿತ್ತು. ಗೊಂಬೆ ಕೊಳ್ಳುವ ವಯಸ್ಸಿನವರೇ ನೋಡುಗರೆಂದು ಗೊತ್ತುಮಾಡಿಕೊಂಡ ಮೇಲೆ ಖಳನಿಗೆ ಕಾರಣವಾಗಲಿ, ನಾಯಕನಿಗೆ ಸಂದೇಹವಾಗಲಿ, ಕಥೆಗೆ ಸಾವಾಗಲಿ ಬೇಕಿರಲಿಲ್ಲ. ದೊಡ್ಡವರು ಕಾರ್ಟೂನಿನಿಂದ ದೂರ ಸರಿಯುವ ಮುನ್ನವೇ ಅವರಿಗೆ ಬೇಕಾದದ್ದನ್ನು ಅದರೊಳಗಿನಿಂದ ತೆಗೆದುಹಾಕಲಾಗಿತ್ತು.

ಭಾರತದಲ್ಲಿ ದೂರದರ್ಶನದ ಕಾಲದಲ್ಲಿ ಈ ವಿಂಗಡಣೆ ಅಷ್ಟು ಗಟ್ಟಿಯಾಗಿರಲಿಲ್ಲ. ವಾಹಿನಿ ಒಂದೇ, ಮನೆಗೂ, ಕೆಲವೊಮ್ಮೆ ಇಡೀ ಬೀದಿಗೂ ಟಿ.ವಿ. ಒಂದೇ ಆಗಿದ್ದಾಗ ‘ಹೀ-ಮ್ಯಾನ್’ ಆಗಲಿ, 1993ರಲ್ಲಿ ಭಾನುವಾರಗಳಂದು ಬರುತ್ತಿದ್ದ ಜಪಾನಿ ತಯಾರಿಕೆಯ ‘ಜಂಗಲ್ ಬುಕ್’ ಆಗಲಿ ಮನೆಯವರೆಲ್ಲರ ಕಣ್ಣಿಗೂ ಬೀಳುತ್ತಿದ್ದವು. ಮಕ್ಕಳಿಗೆಂದೇ ದಿನವಿಡೀ ನಡೆಯುವ ವಾಹಿನಿಗಳು ಬಂದ ಮೇಲೆ ಗೆರೆ ಸ್ಪಷ್ಟವಾಯಿತು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ‘ಛೋಟಾ ಭೀಮ್’ 2008ರಲ್ಲಿ ಬಂದು ಲಡ್ಡು ತಿಂದು ಬಲ ಪಡೆಯುವ ಬಾಲಕನನ್ನು ದೇಶದ ಮಕ್ಕಳಿಗೆಲ್ಲ ಪರಿಚಯಿಸಿತು. 2009ರಲ್ಲಿ ಆರಂಭವಾದ ‘ಚಿಂಟು ಟಿ.ವಿ.’ ಹೊರಗಿನ ಕಾರ್ಟೂನುಗಳಿಗೆ ಕನ್ನಡದ ಮಾತು ಕೊಟ್ಟಿತು. ಈ ಎರಡನೆಯ ಸಂಗತಿಯ ತೂಕ ಮೇಲ್ನೋಟಕ್ಕೆ ತೋರುವುದಕ್ಕಿಂತ ಹೆಚ್ಚಿನದು. ಸರಣಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಚಿತ್ರವನ್ನಷ್ಟೇ ಹಿಂಬಾಲಿಸುವ ಮಗು ಹೇಗೋ ಒಗ್ಗಿಕೊಳ್ಳುತ್ತದೆ. ಮಾತಿನ ಮೂಲಕವೇ ಕಥೆಯೊಳಗೆ ಹೋಗಬೇಕಾದ ಅಜ್ಜಿ ಬಾಗಿಲಲ್ಲೇ ಉಳಿಯುತ್ತಾಳೆ. ಬೀರೂರಿನ ಅಥವಾ ಅಜ್ಜಂಪುರದ ಮನೆಯೊಂದರಲ್ಲಿ ಕಾರ್ಟೂನು ಮಕ್ಕಳದಷ್ಟೇ ಆಗುವುದಕ್ಕೆ ಹಿರಿಯರ ಅಭಿರುಚಿಗಿಂತ ಮೊದಲು ಭಾಷೆಯೇ ಕಾರಣವಾಗಿರಬಹುದು.

ಅಮೃತಾಪುರದ ಗೋಡೆ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ಹೊಯ್ಸಳ ಶಿಲ್ಪಿಗಳಲ್ಲಿ ಹೆಸರಾದ ರೂವಾರಿ ಮಲ್ಲಿತಮ್ಮನು ತನ್ನ ವೃತ್ತಿಯ ಆರಂಭದ ದಿನಗಳಲ್ಲಿ ಕೆಲಸ ಮಾಡಿದ್ದು ಇಲ್ಲಿಯೇ. ಇಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಈ ಗುಡಿಯ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಶಿಲ್ಪಫಲಕಗಳಿದ್ದು, ದಕ್ಷಿಣದ ಬದಿಯ 70 ಫಲಕಗಳಲ್ಲಿ ರಾಮಾಯಣವೂ, ಉತ್ತರದ ಬದಿಯ 25 ಫಲಕಗಳಲ್ಲಿ ಕೃಷ್ಣಕಥೆಯೂ, 45 ಫಲಕಗಳಲ್ಲಿ ಮಹಾಭಾರತವೂ ಮೂಡಿವೆ. ಇತರ ಹಲವು ಹೊಯ್ಸಳ ಗುಡಿಗಳಲ್ಲಿ ಇಂಥ ಕಥಾಶಿಲ್ಪಗಳು ಕಿರಿದಾಗಿದ್ದರೆ ಇಲ್ಲಿ ಅವು ದೊಡ್ಡದಾಗಿವೆ. ಉತ್ತರದ ಕಥೆಗಳು ರೂಢಿಯಂತೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಿದರೆ, ರಾಮಾಯಣವು ಅದಕ್ಕೆ ವಿರುದ್ಧವಾಗಿ ಸಾಗುತ್ತದೆ.

ಒಂದು ಫಲಕದಿಂದ ಇನ್ನೊಂದಕ್ಕೆ ನಡೆದಂತೆ ಕಥೆ ಮುಂದುವರಿಯುವ ಈ ಜೋಡಣೆಯಲ್ಲಿ, ಚಿತ್ರ ನಿಂತಿರುತ್ತದೆ, ನೋಡುವವನು ಚಲಿಸುತ್ತಾನೆ. ಕಾರ್ಟೂನಿನಲ್ಲಿ ನೋಡುವವನು ಕೂತಿರುತ್ತಾನೆ, ಚಿತ್ರ ಚಲಿಸುತ್ತದೆ. ಈ ಒಂದು ವ್ಯತ್ಯಾಸವನ್ನು ಬಿಟ್ಟರೆ, ಚಿತ್ರಗಳ ಸಾಲಿನಿಂದ ವೀರಕಥೆಯನ್ನು ಹೇಳುವ ತತ್ತ್ವ ಎರಡಕ್ಕೂ ಸಮಾನವಾಗಿದೆ. ಈ ಸೀಮೆಯ ಊರುಗಳಲ್ಲಿ ಕಾಣುವ ವೀರಗಲ್ಲುಗಳೂ ಇದೇ ತತ್ತ್ವದವು. ಸಾಮಾನ್ಯವಾಗಿ ಮೂರು ಅಂಕಣಗಳಿರುವ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಶಿವಸನ್ನಿಧಿ. ಕೆಳಗಿನ ಅಂಕಣದ ಕತ್ತಿ, ಕುದುರೆಗಳು ಮಗುವಿನ ಕಣ್ಣ ಎತ್ತರಕ್ಕೇ ಇವೆ. ಮೇಲಿನ ಎರಡನ್ನು ಓದಲು ಸಾವೆಂದರೆ ಏನೆಂಬುದು ತಿಳಿದಿರಬೇಕು. ಕಲ್ಲು ಒಂದೇ ಆದರೂ ಅದು ವಯಸ್ಸಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಅರ್ಥ ಕೊಡುತ್ತದೆ.

ದೇವನೂರಿನ ಕುದುರೆ

ಕಲ್ಲಿನಿಂದ ಕಾವ್ಯಕ್ಕೆ ಬಂದರೆ ಈ ಮಾತು ಇನ್ನೂ ನಿಚ್ಚಳವಾಗುತ್ತದೆ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನು, ಅಲ್ಲಿಯ ಲಕ್ಷ್ಮೀರಮಣನು ಅವನ ಆರಾಧ್ಯದೈವ. ವಾರ್ಧಕ ಷಟ್ಪದಿಯಲ್ಲಿ, ಅಂದರೆ ಆರು ಸಾಲಿನ ಪದ್ಯದ ದೀರ್ಘಗತಿಯ ಒಂದು ಬಗೆಯಲ್ಲಿ ರಚಿತವಾದ, 34 ಸಂಧಿಗಳ ಈ ಕಾವ್ಯದ ಕಟ್ಟಡ ಇಂದಿನ ಸರಣಿಗಳ ಕಟ್ಟಡಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರವಾಗಿದೆ. ಧರ್ಮರಾಯನ ಅಶ್ವಮೇಧದ ಕುದುರೆ ಒಂದು ನಾಡಿಗೆ ಹೋಗುತ್ತದೆ, ಅಲ್ಲಿಯ ವೀರನು ಅದನ್ನು ಕಟ್ಟುತ್ತಾನೆ, ಕಾಳಗವಾಗುತ್ತದೆ, ಕೃಷ್ಣನ ನೆರವಿನಿಂದಲೋ ಭಕ್ತಿಯಿಂದಲೋ ತೊಡಕು ಬಿಡಿಸಿಕೊಳ್ಳುತ್ತದೆ, ಕುದುರೆ ಮುಂದಿನ ನಾಡಿಗೆ ನಡೆಯುತ್ತದೆ. ಪ್ರತಿ ಕಂತಿಗೂ ಹೊಸ ಊರು, ಹೊಸ ಎದುರಾಳಿ. ಎಲ್ಲವನ್ನೂ ಪೋಣಿಸುವ ಎಳೆ ಕುದುರೆಯೊಂದೇ.

ಅದಕ್ಕಿಂತಲೂ ಗಮನಿಸಬೇಕಾದದ್ದು, ಈ ಕಾವ್ಯದ ನೆನಪಿನಲ್ಲುಳಿಯುವ ವೀರರಲ್ಲಿ ಅನೇಕರು ಹುಡುಗರೇ ಆಗಿರುವುದು. ಕಾದ ಎಣ್ಣೆಯ ಕೊಪ್ಪರಿಗೆಯಲ್ಲಿ ನೂಕಿದರೂ ಬೇಯದೆ ನಿಂತ ಸುಧನ್ವ, ಮಂತ್ರಿ ದುಷ್ಟಬುದ್ಧಿಯ ಸಂಚುಗಳನ್ನೆಲ್ಲ ದಾಟಿ ಬದುಕಿ ಉಳಿದ ಅನಾಥ ಬಾಲಕ ಚಂದ್ರಹಾಸ, ರಾಮನ ಸೇನೆಯನ್ನೇ ತಡೆದ ಕುಶಲವರು, ಅರ್ಜುನನನ್ನೇ ಕೆಡಹಿದ ಬಭ್ರುವಾಹನ, ಇವರೆಲ್ಲ ಕನ್ನಡದ ಮಕ್ಕಳಿಗೆ ಕಾರ್ಟೂನಿಗಿಂತ ನೂರಾರು ವರ್ಷ ಮೊದಲೇ ಪರಿಚಿತರಾದ ಬಾಲವೀರರು. ದೊಡ್ಡವರಿಗೆ ಸೋಲದ ಮಗುವಿನ ಕಥೆ ಕೇಳುವ ಮಗುವಿಗೆ ಸಿಗುವ ಸಂತೋಷ ಸುಲಭವಾಗಿ ಅರ್ಥವಾಗುವಂಥದ್ದು. ‘ಛೋಟಾ ಭೀಮ್’ನ ಗೆಲುವಿನ ಗುಟ್ಟೂ ಅಷ್ಟೇ.

ಲಕ್ಷ್ಮೀಶನು ಅಷ್ಟಕ್ಕೆ ನಿಲ್ಲುವುದಿಲ್ಲ. ಕುದುರೆಯನ್ನು ಕಟ್ಟಿದ ಮೇಲೆ ಅದು ತನ್ನ ತಂದೆಯದೆಂದು ತಿಳಿದ ಬಭ್ರುವಾಹನನು ಕಾಣಿಕೆಯೊಡನೆ ಬಂದು ಕಾಲಿಗೆರಗಿದಾಗ, ಅರ್ಜುನನು ಅವನನ್ನು ಮಗನೆಂದು ಒಪ್ಪದೆ ಹೀಯಾಳಿಸುತ್ತಾನೆ. ಆ ಅವಮಾನದಿಂದ ಹುಟ್ಟಿದ ಕಾಳಗದಲ್ಲಿ ಮಗನ ಬಾಣಕ್ಕೆ ತಂದೆ ಮಡಿಯುತ್ತಾನೆ. ಗೆದ್ದವನ ಕೈಯಲ್ಲಿ ಈಗ ಉಳಿದಿರುವುದು ತಾಯಿ ಚಿತ್ರಾಂಗದೆಯ ವೈಧವ್ಯ. ಸತ್ತವನನ್ನು ಎಬ್ಬಿಸಲು ನಾಗಲೋಕದಿಂದ ಮಣಿ ತರಬೇಕು, ಕೃಷ್ಣನು ಬರಬೇಕು. ಕೊಂದ ತೋಳಿಗೆ ಬದುಕಿಸುವ ಶಕ್ತಿಯಿಲ್ಲ. ಕಾಳಗದ ಬಿರುಸಿಗಾಗಿ ಕಥೆ ಕೇಳುತ್ತಿದ್ದ ಮಗುವಿನ ಪಕ್ಕದಲ್ಲಿ ಕೂತ ತಂದೆಯೊಬ್ಬನು, ತಾನು ಮಗನನ್ನು ಎಂದಾದರೂ ಹೀಗೆಯೇ ಕಡೆಗಣಿಸಿದೆನೇ ಎಂದು ಯೋಚಿಸುವಂತಾದರೆ, ಆ ಕಥೆ ಇಬ್ಬರನ್ನೂ ಮುಟ್ಟಿದೆಯೆಂದೇ ಅರ್ಥ. 1977ರ ‘ಬಭ್ರುವಾಹನ’ ಚಲನಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರು ತಂದೆ ಮತ್ತು ಮಗ ಎರಡೂ ಪಾತ್ರಗಳನ್ನು ವಹಿಸಿದ್ದು ಈ ಮುಖಾಮುಖಿಯನ್ನು ಕನ್ನಡಿಗರ ಮನಸ್ಸಿನಲ್ಲಿ ಇನ್ನಷ್ಟು ಆಳಕ್ಕಿಳಿಸಿತು.

ಅಲಂಕಾರಶಾಸ್ತ್ರ, ಅಂದರೆ ಕಾವ್ಯದ ಸ್ವರೂಪವನ್ನು ವಿವೇಚಿಸುವ ಶಾಸ್ತ್ರ, ಇದನ್ನು ತೂಗಲು ಒಂದು ಅಳತೆಗೋಲನ್ನು ಕೊಡುತ್ತದೆ. ಅದು ವೀರರಸವನ್ನು ಯುದ್ಧವೀರಕ್ಕೆ ಸೀಮಿತಗೊಳಿಸದೆ ದಾನವೀರ, ಧರ್ಮವೀರ, ದಯಾವೀರಗಳನ್ನೂ ಎಣಿಸುತ್ತದೆ. ಜೈಮಿನಿ ಭಾರತದಲ್ಲಿ ತನ್ನ ದೇಹದ ಅರ್ಧವನ್ನೇ ಕೊಡಲು ಸಿದ್ಧನಾದ ಮಯೂರಧ್ವಜನು ದಾನವೀರನಾದರೆ, ಸಾಯುವುದು ಖಚಿತವೆಂದು ಗೊತ್ತಿದ್ದೂ ಹಿಂದೆಗೆಯದ ಸುಧನ್ವನು ಧರ್ಮವೀರನೂ ಹೌದು. ಮಕ್ಕಳಿಗೆಂದು ತಯಾರಾದ ಬಹುಪಾಲು ಸೂಪರ್‌ಹೀರೋ ಸರಣಿಗಳಲ್ಲಿ ಯುದ್ಧವೀರವೊಂದೇ ಉಳಿದು, ಅದಕ್ಕೆ ಬೆರಗಿನ ಅದ್ಭುತರಸ ಜೊತೆಯಾಗುತ್ತದೆ. ಉಳಿದ ಮೂರು ವೀರಗಳೂ, ಅವುಗಳ ಬೆನ್ನಿಗೆ ಬರುವ ಕರುಣರಸವೂ ಸೇರಿದಾಗ ದೊಡ್ಡವರು ಎದ್ದು ಹೋಗುವುದಿಲ್ಲ.

ಇದೇ ಸೀಮೆಯ ವೀರಗಾಸೆ ಕುಣಿತವೂ ಇದಕ್ಕೆ ಸಾಕ್ಷಿ. ಶಿವನ ಜಟೆಯಿಂದ ಹುಟ್ಟಿದ ವೀರಭದ್ರನು ದಕ್ಷನ ಯಜ್ಞವನ್ನು ಧ್ವಂಸಮಾಡಿದ ಕಥೆಯನ್ನು ಆಧರಿಸಿದ ಈ ಕಲೆಯಲ್ಲಿ ಕೆಂಪು ಉಡುಪು, ಹಣೆಯ ವಿಭೂತಿ, ಕೈಯ ಕತ್ತಿ, ಸಂಬಾಳದ ಸದ್ದು ಮಗುವನ್ನು ಒಮ್ಮೆಗೇ ಹೆದರಿಸಿ ಒಮ್ಮೆಗೇ ಸೆಳೆಯುತ್ತವೆ. ಕುಣಿತವನ್ನು ನಿಲ್ಲಿಸಿ ಕಲಾವಿದನು ಏರುದನಿಯಲ್ಲಿ ಹೇಳುವ ಕಥನಭಾಗಕ್ಕೆ ‘ಒಡಪು’ ಎಂದು ಹೆಸರು. ಹಿರಿಯರ ಕಿವಿ ನೆಟ್ಟಿರುವುದು ಅದರ ಕಡೆಗೆ. ಈ ಪುರಾಣವು ದಕ್ಷನ ತಲೆ ಉರುಳಿದಲ್ಲಿಗೆ ಮುಗಿಯದೆ, ಟಗರಿನ ತಲೆಯನ್ನಿಟ್ಟು ಅವನನ್ನು ಬದುಕಿಸಿ ಯಜ್ಞವನ್ನು ಪೂರೈಸಿದ ಮೇಲೆಯೇ ಮುಗಿಯುತ್ತದೆ. ಕೋಪಕ್ಕೂ ಒಂದು ಕೊನೆ ಬೇಕೆಂಬ ಈ ತಿಳಿವಳಿಕೆ ಮಗುವಿಗಿಂತ ಹೆಚ್ಚಾಗಿ ಮಗುವಿನ ಜೊತೆಗಿರುವವರಿಗೆ ಸಲ್ಲುವಂಥದ್ದು.

ಖಳನ ದುಃಖ, ನಾಯಕನ ಮರೆವು

ದೂರದ ಅಮೆರಿಕದಲ್ಲಿ ಕಾರ್ಟೂನು ತನ್ನ ಹಿರಿಯ ನೋಡುಗರನ್ನು ಮರಳಿ ಪಡೆದದ್ದೂ ಇದೇ ದಾರಿಯಿಂದ. 1992ರ ಸೆಪ್ಟೆಂಬರಿನಲ್ಲಿ ಆರಂಭವಾದ ಬ್ಯಾಟ್‌ಮ್ಯಾನ್ ಅನಿಮೇಷನ್ ಸರಣಿಯನ್ನು ರೂಪಿಸಿದ ಬ್ರೂಸ್ ಟಿಮ್ ಮತ್ತು ಎರಿಕ್ ರಾಡೊಮ್‌ಸ್ಕಿ ಅವರು ಹಿನ್ನೆಲೆಯ ಚಿತ್ರಗಳನ್ನು ಬಿಳಿಯ ಬದಲು ಕಪ್ಪು ಕಾಗದದ ಮೇಲೆ ಬರೆಯಿಸಿ, ಇಡೀ ನಗರ ಕತ್ತಲೆಯೊಳಗಿನಿಂದ ಮೂಡಿ ಬರುವಂತೆ ಮಾಡಿದರು. ಅದರ ಆರಂಭದ ಕಂತುಗಳಲ್ಲೊಂದರಲ್ಲಿ ಬರುವ ಮಿಸ್ಟರ್ ಫ್ರೀಜ್ ಅದಕ್ಕೆ ಮೊದಲು ಹಿಮದ ಬಂದೂಕು ಹಿಡಿದ ಸಾಮಾನ್ಯ ಖಳನಾಗಿದ್ದವನು. ಲೇಖಕ ಪಾಲ್ ಡಿನಿ ಅವನನ್ನು, ವಾಸಿಯಾಗದ ಕಾಯಿಲೆಯ ಹೆಂಡತಿಯನ್ನು ಉಳಿಸಿಕೊಳ್ಳಲು ಹೆಣಗಿ ಸೋತ ವಿಜ್ಞಾನಿಯನ್ನಾಗಿ ಬದಲಿಸಿದರು. ಆ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು. ಎದುರಾಳಿಯ ದುಃಖವನ್ನು ನಾಯಕನ ಗೆಲುವಿನ ಪಕ್ಕದಲ್ಲೇ ಇರಿಸಿದ ಆ ಕಂತಿನಲ್ಲಿ ಗೆಲುವಿಗೆ ಸಂಭ್ರಮವಿಲ್ಲ. ಪಂಪನ ಕರ್ಣನನ್ನೂ ರನ್ನನ ದುರ್ಯೋಧನನನ್ನೂ ಮರುಗುತ್ತ ಓದಿಕೊಂಡು ಬಂದ ಕನ್ನಡಕ್ಕೆ ಇದು ಹೊಸ ವಿದ್ಯೆಯೇನಲ್ಲ. ಎದುರಾಳಿಗೂ ಕಣ್ಣೀರು ಸಲ್ಲುತ್ತದೆಂದು ಸಾವಿರ ವರ್ಷಗಳ ಹಿಂದೆಯೇ ಒಪ್ಪಿಕೊಂಡ ಸಾಹಿತ್ಯ ಇದು.

ಭಾರತದಲ್ಲಿ 2021ರ ಜನವರಿಯಲ್ಲಿ ಆರಂಭವಾದ, ಶರದ್ ದೇವರಾಜನ್ ಮತ್ತು ಜೀವನ್ ಜೆ. ಕಾಂಗ್ ಅವರ ಗ್ರಾಫಿಕ್ ಇಂಡಿಯಾ ರೂಪಿಸಿದ ‘ದಿ ಲೆಜೆಂಡ್ ಆಫ್ ಹನುಮಾನ್’ ಸರಣಿ ಈ ದೃಷ್ಟಿಯಿಂದ ಹತ್ತಿರದ ಉದಾಹರಣೆ. ಕನ್ನಡದ ಮಾತಿನಲ್ಲಿಯೂ ದೊರೆತ ಈ ಸರಣಿಯ ಮೊದಲ 13 ಕಂತುಗಳು, ತನ್ನ ದೈವೀ ಬಲವನ್ನು ತಾನೇ ಮರೆತ ಹನುಮಂತನು ಅದನ್ನು ಮರಳಿ ಅರಿತುಕೊಳ್ಳುವ ಸುತ್ತ ನಡೆಯುತ್ತವೆ. ರಾಮಾಯಣದ ಪರಂಪರೆಯಲ್ಲಿ, ಉದಯಿಸುವ ಸೂರ್ಯನನ್ನು ಹಣ್ಣೆಂದು ಭಾವಿಸಿ ಹಾರಿದ ತುಂಟ ಬಾಲಕನು ಋಷಿಗಳ ಶಾಪದಿಂದ ತನ್ನ ಬಲವನ್ನು ಮರೆಯುತ್ತಾನೆ. ಸಮುದ್ರದ ದಡದಲ್ಲಿ ಕಪಿಸೇನೆ ಕೈಚೆಲ್ಲಿ ಕೂತಾಗ ಮುದುಕ ಜಾಂಬವಂತನು ಅದನ್ನು ನೆನಪಿಸುತ್ತಾನೆ. ಹಾರುವ ಹನುಮ ಮಕ್ಕಳವನು. ಮರೆತ ಹನುಮ, ಸಂಸಾರ, ದುಡಿಮೆ, ಸಾಲಗಳ ನಡುವೆ ತನ್ನೊಳಗೆ ಏನಿತ್ತೆಂಬುದನ್ನೇ ಮರೆತ ದೊಡ್ಡವರವನು. ಅದಕ್ಕೂ ಮಿಗಿಲಾಗಿ, ಹಾರಲಾರದ ಮುಪ್ಪಿನಲ್ಲಿಯೂ ಇನ್ನೊಬ್ಬರ ಬಲವನ್ನು ಗುರುತಿಸಿ ಹೇಳಬಲ್ಲ ಜಾಂಬವಂತನಲ್ಲಿ ಅಜ್ಜನೊಬ್ಬನು ತನ್ನನ್ನು ಕಾಣಬಹುದು. ಒಂದೇ ಸನ್ನಿವೇಶದಲ್ಲಿ ಮೂರು ತಲೆಮಾರಿಗೆ ಜಾಗ ಮಾಡಿಕೊಟ್ಟ ಕಥೆ ಇದು. ಊರೂರಿನಲ್ಲಿ ಆಂಜನೇಯನ ಗುಡಿಯಿರುವ ನಾಡಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

2025ರ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’ ಸರಣಿಯಲ್ಲ, ಚಲನಚಿತ್ರ. ಆದರೂ ಈ ಚರ್ಚೆಯಲ್ಲಿ ಅದನ್ನು ಬಿಡಲಾಗದು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡು ಅದು ಭಾರತೀಯ ಅನಿಮೇಷನ್ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಸಿದ್ದಕ್ಕೆ, ಮಕ್ಕಳನ್ನು ಕರೆತಂದ ಹಿರಿಯರಷ್ಟೇ ಅಲ್ಲದೆ ತಾವಾಗಿಯೇ ಬಂದ ಹಿರಿಯರೂ ಇದ್ದುದು ಕಾರಣವಾಗಿರಬಹುದು. ಪ್ರಹ್ಲಾದನ ಕಥೆಯಲ್ಲಿಯೂ ಮತ್ತೆ ತಂದೆ ಮತ್ತು ಮಗ ಎದುರುಬದುರಾಗಿದ್ದಾರೆಂಬುದು ಆಕಸ್ಮಿಕವಲ್ಲ.

ಎರಡು ತಪ್ಪು ದಾರಿಗಳು

ದೊಡ್ಡವರ ಮೆಚ್ಚುಗೆಯನ್ನು ಕುರಿತು ಮಾತಾಡುವಾಗ ಎರಡು ಬೇರೆ ಸಂಗತಿಗಳನ್ನು ಅದರೊಡನೆ ಬೆರೆಸಬಾರದು. ಮೊದಲನೆಯದು ನೆನಪಿನ ಅಕ್ಕರೆ. ‘ಬಾಲಮಂಗಳ’ದ ಇಲಿ ನಾಯಕ ಡಿಂಗನನ್ನು, ಟಿ.ವಿ.ಯ ಶಕ್ತಿಮಾನ್‌ನನ್ನು ಇಂದಿನ ನಲವತ್ತರ ವಯಸ್ಸಿನವರು ಪ್ರೀತಿಯಿಂದ ನೆನೆಯುತ್ತಾರಾದರೂ, ಆ ಪ್ರೀತಿಯ ದೊಡ್ಡ ಪಾಲು ತಮ್ಮ ಬಾಲ್ಯಕ್ಕೇ ಸಲ್ಲುತ್ತದೆ. ಬಾಲ್ಯದ ನೆನಪಿನ ಆಸರೆಯಿಲ್ಲದೆ, ದೊಡ್ಡವರಾದ ಮೇಲೆ ಮೊದಲ ಬಾರಿಗೆ ನೋಡಿದವರನ್ನೂ ಹಿಡಿದು ನಿಲ್ಲಿಸುವುದೇ ನಿಜವಾದ ಪರೀಕ್ಷೆ.

ಎರಡನೆಯದು, ರಕ್ತ ಹೆಚ್ಚಾದರೆ ಕಥೆ ಪ್ರೌಢವಾಗುತ್ತದೆಂಬ ಎಣಿಕೆ. 2021ರಿಂದ ಬರುತ್ತಿರುವ ‘ಇನ್‌ವಿನ್ಸಿಬಲ್’ ಎಂಬ ಅಮೆರಿಕದ ಸರಣಿಯಲ್ಲಿ ಮಕ್ಕಳಿಗೆ ತೋರಿಸಲೇಬಾರದಷ್ಟು ಕ್ರೌರ್ಯವಿದೆ. ಆದರೆ ಅದು ವಯಸ್ಕರ ಮನಸ್ಸಿನಲ್ಲಿ ಉಳಿಯುವುದು ಆ ಕಾರಣಕ್ಕಲ್ಲ, ಲೋಕರಕ್ಷಕನೆಂದು ನಂಬಿದ್ದ ತಂದೆಯ ನಿಜವನ್ನು ಮಗನು ಅರಿತುಕೊಳ್ಳುವ ನೋವಿನ ಕಾರಣಕ್ಕೆ. ಕ್ರೌರ್ಯವು ಮಕ್ಕಳನ್ನು ಹೊರಗಿಡಬಲ್ಲದೇ ಹೊರತು ದೊಡ್ಡವರನ್ನು ಒಳಗೆ ಕರೆಯಲಾರದು. ಒಂದು ಹನಿ ರಕ್ತವನ್ನೂ ತೋರಿಸದೆ ಜೈಮಿನಿ ಭಾರತದ ಸೀತಾಪರಿತ್ಯಾಗದ ಸಂಧಿಯು ಕೇಳುವವರ ಗಂಟಲು ಕಟ್ಟಿಸುತ್ತದೆ.

ವಾಚನ ಮತ್ತು ವ್ಯಾಖ್ಯಾನ

ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವ ಗಮಕ ಕಲೆಯಲ್ಲಿ ಇಬ್ಬರಿರುತ್ತಾರೆ: ಪದ್ಯವನ್ನು ಹಾಡುವ ವಾಚನಕಾರ, ಅದನ್ನು ಬಿಡಿಸಿ ಹೇಳುವ ವ್ಯಾಖ್ಯಾನಕಾರ. ಲಕ್ಷ್ಮೀಶನ ಕಾವ್ಯ ಓದು ಬಾರದವರಿಗೂ ತಲುಪಿದ್ದು ಈ ಇಬ್ಬರ ಕೂಡುವಿಕೆಯಿಂದ. ವಾಚನದ ಇಂಪು ಎಲ್ಲರಿಗೂ ಸಮನಾಗಿ ಸಲ್ಲುತ್ತಿತ್ತು. ವ್ಯಾಖ್ಯಾನವು ಕೇಳುವವರ ವಯಸ್ಸು, ಅನುಭವಗಳನ್ನು ಅರಿತು ಅರ್ಥವನ್ನು ಹಂಚುತ್ತಿತ್ತು. ಇಂದು ಪರದೆಯ ಮೇಲಿನ ಕಾರ್ಟೂನು ವಾಚನದ ಕೆಲಸವನ್ನು ಬಣ್ಣ, ಸದ್ದುಗಳೊಡನೆ ಚೆನ್ನಾಗಿಯೇ ಮಾಡುತ್ತಿದೆ. ಅದರ ಪಕ್ಕದಲ್ಲಿರಬೇಕಾದ ವ್ಯಾಖ್ಯಾನದ ಜಾಗ ಮಾತ್ರ, ಮಗುವಿನ ಕೈಗೆ ಮೊಬೈಲು ಕೊಟ್ಟು ದೊಡ್ಡವರು ಎದ್ದು ಹೋದ ಮನೆಗಳಲ್ಲಿ, ಖಾಲಿ ಬಿದ್ದಿದೆ.

ಆ ಜಾಗಕ್ಕೆ ಮರಳುವವರಿಗೆ ಒಳ್ಳೆಯ ಸರಣಿಯನ್ನು ಆರಿಸುವ ದಾರಿಯೂ ಇದರಿಂದ ದೊರೆಯುತ್ತದೆ. ಖಳನಿಗೆ ಕಾರಣವಿದೆಯೇ, ಗೆಲುವಿಗೆ ಬೆಲೆಯಿದೆಯೇ, ನಾಯಕನ ತೋಳಿಗೆ ಎಟುಕದ ಒಂದು ದುಃಖವನ್ನಾದರೂ ಕಥೆ ಉಳಿಸಿಕೊಂಡಿದೆಯೇ ಎಂದು ನೋಡಿದರೆ ಸಾಕು. ಅಂಥ ಕಂತನ್ನು ಜೊತೆಗೆ ಕೂತು ನೋಡುವಾಗ, ಕೆಟ್ಟವನು ಅಳುವುದೇಕೆಂದು ಮಗು ಕೇಳಿಯೇ ಕೇಳುತ್ತದೆ. ಅಮೃತಾಪುರದ ಗೋಡೆಯ ಮುಂದೆಯೂ, ದೇವನೂರಿನ ಕವಿಯ ಕಾವ್ಯವನ್ನು ಓದುವ ಜಗಲಿಯ ಮೇಲೆಯೂ ಮಕ್ಕಳು ಅದನ್ನೇ ಕೇಳುತ್ತ ಬಂದಿರಬೇಕು, ಹಿರಿಯರು ತಮ್ಮ ಬದುಕಿನಿಂದಲೇ ಉತ್ತರ ಹೇಳುತ್ತ ಬಂದಿರಬೇಕು. ಆ ಪ್ರಶ್ನೆಯನ್ನು ಹುಟ್ಟಿಸಬಲ್ಲ ಕಾರ್ಟೂನು ಮಗುವಿಗೆ ಎಷ್ಟು ಸೇರಿದ್ದೋ, ಉತ್ತರಕ್ಕಾಗಿ ತಡಕಾಡುವ ದೊಡ್ಡವರಿಗೂ ಅಷ್ಟೇ ಸೇರಿದ್ದು.